ಬಲ್ಬಸಾರಾ, ಚಾರ್ಮಾಂಡರಾ, ಸ್ಕ್ವರ್ಟಲಾ?

ನಾನು ಪೋಕೆಮಾನ್ ಆಡುತ್ತೇನೆ ಅಂತ ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಮೊದಲು ಯಾವುದನ್ನ ತಗೊಳ್ಳಲಿ?" ಆಫೀಸಿನವರು ಕೇಳಿದ್ದಾರೆ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂತ ಹುಡುಗ, ಹೋಳಿಗೆಗೆ ತುಪ್ಪ ಬೀಳುವ ಮೊದಲೇ ಕೇಳಿದ್ದಾನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು 1996ರಲ್ಲಿ ಜಪಾನಿನಲ್ಲಿ ಗೇಮ್ ಬಾಯ್ ಅನ್ನುವ, ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆ ಬಂದ ಆಟ: ಪ್ರಾಣಿಗಳನ್ನು ಹಿಡಿಯುವುದು, ಬೆಳೆಸುವುದು, ಕಾದಾಡಿಸುವುದು. ಶುರುವಿನಲ್ಲೇ ಪ್ರೊಫೆಸರ್ ಓಕ್ ಮೂರು ಪ್ರಾಣಿಗಳನ್ನು ಮುಂದಿಟ್ಟು ಒಂದನ್ನು ಆರಿಸಿಕೋ ಅನ್ನುತ್ತಾರೆ. ಬಲ್ಬಸಾರ್ ಹುಲ್ಲಿನದು, ಚಾರ್ಮಾಂಡರ್ ಬೆಂಕಿಯದು, ಸ್ಕ್ವರ್ಟಲ್ ನೀರಿನದು. ನೀವು ಯಾವುದನ್ನೇ ತಗೊಳ್ಳಿ, ಅದನ್ನು ಸೋಲಿಸುವಂಥದ್ದನ್ನೇ ಅವರ ಮೊಮ್ಮಗ ಎತ್ತಿಕೊಳ್ಳುತ್ತಾನೆ. ಬೇಕಂತಲೇ!

ಸುಲಭದ ಉತ್ತರ ಬಲ್ಬಸಾರ್. ಆಟದಲ್ಲಿ ಗೆದ್ದು ಮುಂದೆ ಹೋಗಬೇಕಾದ ಕಾಳಗದ ಕಣಕ್ಕೆ ಜಿಮ್ ಅನ್ನುತ್ತಾರೆ. ಮೊದಲ ಜಿಮ್‌ನ ಯಜಮಾನ ಬ್ರಾಕ್ ಹತ್ತಿರ ಇರುವುದು ಜಿಯೋಡ್ಯೂಡ್ ಮತ್ತು ಆನಿಕ್ಸ್. ಎರಡೂ ಕಲ್ಲು-ಮಣ್ಣಿನವು, ಹುಲ್ಲಿನ ಏಟು ಬಿದ್ದರೆ ನಾಲ್ಕು ಪಟ್ಟು ಪೆಟ್ಟು. ಎರಡನೇ ಜಿಮ್‌ನ ಮಿಸ್ಟಿಯದು ನೀರಿನ ಪಡೆ, ಅಲ್ಲೂ ಬಲ್ಬಸಾರ್‌ನದೇ ಮೇಲುಗೈ. ಸ್ಕ್ವರ್ಟಲ್‌ಗೂ ಬ್ರಾಕ್ ಸಲೀಸು.

ಚಾರ್ಮಾಂಡರ್ ತಗೊಂಡರೆ ಬ್ರಾಕ್ ಹತ್ತಿರವೇ ಕಥೆ ಮುಗಿಯಿತು ಅಂತ ಹೆದರಿಸುವವರು ಜಾಸ್ತಿ. ನಾನು ಒಪ್ಪುವುದಿಲ್ಲ. ಮೊದಲ ಆಟದಲ್ಲಿ ಆನಿಕ್ಸ್‌ನ ಡಿಫೆನ್ಸ್, ಅಂದರೆ ಮೈಮೇಲಿನ ಹೊಡೆತ ತಡೆಯುವ ಶಕ್ತಿ, 160; ಬೆಂಕಿ-ನೀರಿನಂಥ ಏಟು ತಡೆಯುವ ಸ್ಪೆಷಲ್ ಬರೀ 30. ಉಗುರಿನಿಂದ ಪರಚಿದರೆ ಆ 160ರ ಗೋಡೆಗೆ ಬಡಿದ ಹಾಗೆ, ಏನೂ ಆಗುವುದಿಲ್ಲ. 9ನೇ ಲೆವೆಲ್‌ಗೆ ಬರುವ ಎಂಬರ್ ಅನ್ನುವ ಕಿಡಿ ಉಗುಳಿದರೆ, ಕಲ್ಲಿನ ಮೇಲೆ ಬೆಂಕಿಗೆ ಅರ್ಧವೇ ಶಕ್ತಿ ಅಂದರೂ, ಅದು ತಾಗುವುದು 30ಕ್ಕೆ. ಇಷ್ಟು ದೊಡ್ಡ ಕಲ್ಲುಹಾವು ಒಳಗೆ ಪೊಳ್ಳು, ನೋಡಿ. ಅದೇ ಆಟದ 2004ರ ಹೊಸ ರೂಪ ಫೈರ್‌ರೆಡ್‌ನಲ್ಲಂತೂ 13ನೇ ಲೆವೆಲ್‌ಗೆ ಮೆಟಲ್ ಕ್ಲಾ ಅನ್ನುವ ಉಕ್ಕಿನ ಉಗುರಿನೇಟು ಸಿಗುತ್ತದೆ, ಕಲ್ಲಿಗೆ ಅದು ಎರಡು ಪಟ್ಟು.

ಹಾಗಾಗಿ ಬ್ರಾಕ್‌ನನ್ನು ನೋಡಿ ಆರಿಸಬೇಡಿ. ಪಕ್ಕದಲ್ಲಿ ಯಾರು ಆಡುತ್ತಿದ್ದಾರೆ ನೋಡಿ ಆರಿಸಿ. ಅವರು ಯಾವುದನ್ನು ಬಿಟ್ಟರೋ ಅದನ್ನು ತಗೊಳ್ಳಿ.

ಯಾಕೆ ಅಂದರೆ ನೀವು ಬಿಟ್ಟ ಎರಡು ಆಟದೊಳಗಿನ ಯಾವ ಹುಲ್ಲುಗಾವಲಿನಲ್ಲೂ ಸಿಗುವುದಿಲ್ಲ, ಬೇರೆಯವರಿಂದಲೇ ಬರಬೇಕು. ಆಟ ಮಾಡಿದ ಸತೋಶಿ ತಜಿರಿ ಚಿಕ್ಕಂದಿನಲ್ಲಿ ಹುಳ ಹಿಡಿದು ಕೂಡಿಡುತ್ತಿದ್ದವರು. ಎರಡು ಗೇಮ್ ಬಾಯ್ ನಡುವಿನ ಕೇಬಲ್ ನೋಡಿದಾಗ ಅವರಿಗೆ ಹೊಳೆದದ್ದು, ಅದರ ಮೇಲೆ ಹುಳ ಹರಿದು ಆಚೆ ಹೋದರೆ ಹೇಗಿರುತ್ತೆ ಅಂತ. ಇಡೀ ಆಟ ನಿಂತಿರುವುದು ಅದರ ಮೇಲೆ. ಆಟದ ರೆಡ್ ಆವೃತ್ತಿಯಲ್ಲಿ ಗ್ರೌಲಿತ್ ಅನ್ನುವ ಪ್ರಾಣಿ ಸಿಗುತ್ತದೆ, ವಲ್ಪಿಕ್ಸ್ ಅನ್ನುವುದು ಬೇಕಾದರೆ ಬ್ಲೂ ಆವೃತ್ತಿ ಇರುವವರ ಮನೆ ಬಾಗಿಲು ತಟ್ಟಬೇಕು. ಕಡಾಬ್ರಾ ಅನ್ನುವ ಪ್ರಾಣಿಯನ್ನು ಒಮ್ಮೆ ಕೇಬಲ್ ದಾಟಿಸದಿದ್ದರೆ ಅದು ಬೆಳೆದು ಅಲಕಜಾಮ್ ಆಗುವುದೇ ಇಲ್ಲ, ಎಷ್ಟು ಲೆವೆಲ್ ಏರಿಸಿದರೂ ಅಷ್ಟೇ.

ಇದು ನನಗೆ ಗೊತ್ತಾಗಿದ್ದು ತಡವಾಗಿ. ದೊಡ್ಡಪ್ಪನ ಮಗ ಅಣ್ಣನ ಹತ್ತಿರ ಲೀಫ್‌ಗ್ರೀನ್, ನನ್ನ ಹತ್ತಿರ ಅದರ ಜೋಡಿ ಆವೃತ್ತಿ ಫೈರ್‌ರೆಡ್. ಇಬ್ಬರೂ ಚಾರ್ಮಾಂಡರೇ ತಗೊಂಡೆವು, ಇಬ್ಬರೂ ಬಗ್ಗಲಿಲ್ಲ. ಚಾರ್ಮಾಂಡರ್ ಬೆಳೆದರೆ ಚಾರಿಜಾರ್ಡ್; ಇಡೀ ಬೇಸಿಗೆ ರಜೆ ಎರಡು ಚಾರಿಜಾರ್ಡ್ ಎದುರುಬದುರು ಕೂತವು, ಬದಲಿಸಿಕೊಳ್ಳಲು ಏನಿದೆ? ಆಮೇಲೆ ಒಂದು ಮಧ್ಯಾಹ್ನ ನಾನು ಮಲಗಿದ್ದಾಗ ತಂಗಿ 'ನ್ಯೂ ಗೇಮ್' ಒತ್ತಿದಳು. ಕಾರ್ಟ್ರಿಜ್‌ನಲ್ಲಿ ಸೇವ್ ಇರುವುದು ಒಂದೇ. ಹೊಸದನ್ನು ಸೇವ್ ಮಾಡುವಾಗ ಹಳೆಯದನ್ನು ಅಳಿಸಲಾ ಅಂತ ಆಟ ಕೇಳುತ್ತದೆ, ಅವಳಿಗೆ ಆಗ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಸಿಕ್ಕ ಗುಂಡಿ ಒತ್ತಿಯೇ ಒತ್ತಿದಳು. ನನ್ನ ಚಾರಿಜಾರ್ಡ್ ಹೋಯಿತು. ಅವಳು ಆರಿಸಿದ್ದು ಬಲ್ಬಸಾರ್, ಬೆನ್ನ ಮೇಲೆ ಈರುಳ್ಳಿ ಇದೆ ಅಂತ.

ನಾನು ಅಳುತ್ತಾ ಕೂತಿದ್ದೆ. ಅಣ್ಣ ಸುದ್ದಿ ಕೇಳಿ ಅದೇ ಸಂಜೆ ಕೇಬಲ್ ಹಿಡಿದುಕೊಂಡು ಓಡಿ ಬಂದ.

"ಕೊಡಲ್ಲ," ಅಂದಳು ತಂಗಿ.