ಗೇಟ್ ಇಟ್ಟ ಕಡೆ ತಿರುಗಬೇಕು: ಹೈಸ್ಕೂಲ್ ಸ್ನೋಬೋರ್ಡ್ ಟೀಮ್ ಬಗ್ಗೆ ಒಂದಿಷ್ಟು

ಅಮೆರಿಕದಲ್ಲಿ ಹೈಸ್ಕೂಲಿನಲ್ಲಿದ್ದಾಗ ಸ್ನೋಬೋರ್ಡ್ ಟೀಮಿನಲ್ಲಿದ್ದೆ, ಅಂದರೆ ಒಂದೇ ಹಲಗೆಯ ಮೇಲೆ ನಿಂತು ಹಿಮದ ಬೆಟ್ಟ ಜಾರುವ ಆಟ, ಅಂತ ಹೇಳಿದರೆ ಸಾಕು, ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ. "ಗಾಳಿಯಲ್ಲಿ ಪಲ್ಟಿ ಹೊಡೀತೀಯಾ?" ಇಲ್ಲ, ಹೊಡೆಯಲ್ಲ. ಕೇಳುವವರದ್ದೂ ತಪ್ಪಿಲ್ಲ ಬಿಡಿ. 2018ರ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಕ್ಲೋಯಿ ಕಿಮ್ 17ನೇ ವಯಸ್ಸಿಗೇ ಹಾಫ್‌ಪೈಪ್‌ನಲ್ಲಿ (ಸೀಳಿದ ಕೊಳವೆಯಂಥ ಹಿಮದ ಕಾಲುವೆಯಲ್ಲಿ ಹಾರಿ ಪಲ್ಟಿ ಹೊಡೆಯುವ ಸ್ಪರ್ಧೆ) ಚಿನ್ನ ಗೆದ್ದದ್ದನ್ನು ನೋಡಿದವರಿಗೆ ಸ್ನೋಬೋರ್ಡ್ ಅಂದರೆ ಅದೇ ಅನಿಸುತ್ತದೆ. ಹೈಸ್ಕೂಲ್ ಟೀಮಿನಲ್ಲಿ ಹಾರುವುದು ಕಡಿಮೆ, ಚಳಿಯಲ್ಲಿ ಸರದಿಗೆ ಕಾಯುವುದು ಜಾಸ್ತಿ.

ಚಿಕ್ಕಮ್ಮನ ಮಗ ಈ ವರ್ಷ ಒಂಬತ್ತನೇ ಕ್ಲಾಸಿಗೆ ಬರುತ್ತಿದ್ದಾನೆ. ಸೇರಲಾ ಬೇಡವಾ ಅಂತ ನನ್ನ ತಲೆ ತಿನ್ನುತ್ತಿದ್ದಾನೆ. ಅವನಿಗೆ ಫೋನಿನಲ್ಲಿ ಹೇಳಿದ್ದನ್ನೇ ಸ್ವಲ್ಪ ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಕ್ಲಬ್ ಬೇರೆ, ಟೀಮ್ ಬೇರೆ. ಕ್ಲಬ್ಬಿಗೆ ಯಾರು ಬೇಕಾದರೂ ಸೇರಬಹುದು, ಬೋರ್ಡಿನ ಮೇಲೆ ಕಾಲೇ ಇಡದವರೂ ಬರುತ್ತಾರೆ. ಶನಿವಾರ ಬೆಳಕು ಹರಿಯುವ ಮುಂಚೆ ಶಾಲೆಯ ಮುಂದೆ ಬಸ್ಸು ನಿಂತಿರುತ್ತದೆ, ಸಂಜೆ ಅದೇ ಬಸ್ಸಿನಲ್ಲಿ ವಾಪಸ್ಸು, ನಡುವೆ ಬೆಟ್ಟದ ಮೇಲೆ ನಿಮ್ಮಿಷ್ಟ. ಟೀಮ್ ಹಾಗಲ್ಲ. ಅಭ್ಯಾಸಕ್ಕೆ ಬರಲೇಬೇಕು. ಡಾಕ್ಟರ್ ಸಹಿ ಮಾಡಿದ ಫಿಟ್‌ನೆಸ್ ಫಾರಂ ಬೇಕು. ಮಾರ್ಕ್ಸ್ ಬಿದ್ದುಹೋದರೆ ರೇಸಿಗೆ ಬಿಡಲ್ಲ. ಹೆಲ್ಮೆಟ್ ಇಲ್ಲದೆ ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟ್ ಹತ್ತಿರವೂ ಸುಳಿಯುವ ಹಾಗಿಲ್ಲ. ಜೊತೆಗೆ ತಲೆಗೆ ಪೆಟ್ಟು ಬೀಳುವುದರ ಬಗ್ಗೆಯೇ ಪ್ರತ್ಯೇಕವಾಗಿ ಒಂದು ಹಾಳೆ, ಅದಕ್ಕೆ ಅಪ್ಪ ಅಮ್ಮ ಸಹಿ ಹಾಕಬೇಕು. ನಮ್ಮಮ್ಮ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಓದಿ, "ಇದಕ್ಕೂ ಸಹಿ ಹಾಕಿಸ್ಕೊಳ್ತಾರೆ ಅಂದ್ರೆ ನೀನು ಬೀಳೋದು ಗ್ಯಾರಂಟಿ ಅಂತಾಯ್ತು ಅಲ್ವಾ?" ಅಂದರು. ಅದು ಸುಮ್ನೆ ಹೆದರಿಸುವ ಹಾಳೆಯಲ್ಲ, ಅದರ ಹಿಂದೆ ಕಾನೂನಿದೆ. 2009ರಲ್ಲಿ ವಾಷಿಂಗ್ಟನ್ ರಾಜ್ಯ ಮೊದಲು ತಂದಿತು, 2014ರ ಹೊತ್ತಿಗೆ ಅಮೆರಿಕದ 50 ರಾಜ್ಯಗಳಲ್ಲೂ ಇಂಥ ಕಾನೂನು ಬಂತು. ತಲೆಗೆ ಪೆಟ್ಟಾಗಿದೆ ಅಂತ ಅನುಮಾನ ಬಂದರೂ ಕೋಚ್ ಆ ಮಗುವನ್ನು ಆಟದಿಂದ ಹೊರಗೆ ಕೂರಿಸಬೇಕು. ವಾಪಸ್ ಬರಬೇಕಾದರೆ ಡಾಕ್ಟರ್ ಒಪ್ಪಿಗೆ ಬೇಕು. "ನಾನು ಸರಿಯಾಗಿದ್ದೀನಿ ಕೋಚ್" ಅಂತ ಎಷ್ಟು ಗೋಗರೆದರೂ ನಡೆಯಲ್ಲ. ನಡೆಯಲೂಬಾರದು.

ಇನ್ನೊಂದು ವಿಷಯ. ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ಗೆ ಸಿಗುವ ಮಾನ್ಯತೆ ಸ್ನೋಬೋರ್ಡಿಗೆ ಎಲ್ಲ ಕಡೆ ಇಲ್ಲ. ವರ್ಮಾಂಟ್‌ನಲ್ಲಿ ಇದು ಅಧಿಕೃತ ಶಾಲಾ ಕ್ರೀಡೆ, ರಾಜ್ಯ ಮಟ್ಟದ ಚಾಂಪಿಯನ್‌ಶಿಪ್ಪೂ ಇದೆ. ಬೇರೆ ಎಷ್ಟೋ ಕಡೆ ಹೆಸರು ಮಾತ್ರ ಶಾಲೆಯದ್ದು, ಬಸ್ಸಿನ ಖರ್ಚಿನಿಂದ ಹಿಡಿದು ಗೇಟ್, ಅಂದರೆ ರೇಸಿನ ದಾರಿ ತೋರಿಸುವ ಕಂಬಗಳನ್ನು ಹೊರುವ ಕೆಲಸದವರೆಗೆ ಎಲ್ಲವೂ ಅಪ್ಪ ಅಮ್ಮಂದಿರ ತಲೆ ಮೇಲೆ. ತಮಾಷೆ ಏನೆಂದರೆ ಅದೇ ವರ್ಮಾಂಟ್‌ನ ಮ್ಯಾಡ್ ರಿವರ್ ಗ್ಲೆನ್ ಬೆಟ್ಟಕ್ಕೆ ಇವತ್ತಿಗೂ ಸ್ನೋಬೋರ್ಡ್ ತರುವ ಹಾಗಿಲ್ಲ, ಅಲ್ಲಿ ಒಂದೊಂದು ಕಾಲಿಗೂ ಒಂದೊಂದು ಹಲಗೆ ಕಟ್ಟಿಕೊಳ್ಳುವ ಸ್ಕೀಯಿಂಗ್ ಮಾತ್ರ. ಯೂಟಾದ ಆಲ್ಟಾ, ಡಿಯರ್ ವ್ಯಾಲಿಯಲ್ಲೂ ಇದೇ ಕಥೆ. 1965ರಲ್ಲಿ ಮಿಷಿಗನ್‌ನ ಶೆರ್ಮನ್ ಪಾಪನ್ ತನ್ನ ಹೆಣ್ಣುಮಕ್ಕಳಿಗಾಗಿ ಎರಡು ಸ್ಕೀ ಜೋಡಿಸಿ ಆಟದ ಸಾಮಾನೊಂದನ್ನು ಮಾಡಿಕೊಟ್ಟ, ಸ್ನೋಬೋರ್ಡ್ ಬೆಳೆದದ್ದು ಅಲ್ಲಿಂದ. 1998ರಲ್ಲಿ ಒಲಿಂಪಿಕ್ಸ್‌ಗೂ ಬಂತು. ಆದರೂ ಸ್ಕೀ ಟೀಮಿನ ಕೆಲವರು ನಮ್ಮನ್ನು ನೋಡುವ ನೋಟದಲ್ಲಿ "ಇದೂ ಒಂದು ಆಟವಾ" ಅನ್ನುವುದು ಇನ್ನೂ ಇದೆ. ಇರಲಿ.

ನನ್ನ ಮೊದಲ ಚಳಿಗಾಲ ಪೂರ್ತಿ ಕ್ಲಬ್ಬಿನಲ್ಲೇ ಹೋಯಿತು. ಎರಡೂ ಕಾಲು ಒಂದೇ ಹಲಗೆಗೆ ಕಟ್ಟಿಕೊಂಡು ನಿಲ್ಲುವುದು ನಮ್ಮ ಮೈಗೆ ಅಭ್ಯಾಸವಿಲ್ಲದ ಕೆಲಸ, ಎಡವಿದರೆ ಇನ್ನೊಂದು ಕಾಲು ಮುಂದಿಟ್ಟು ಸಾವರಿಸಿಕೊಳ್ಳೋಣ ಅಂದರೆ ಇನ್ನೊಂದು ಕಾಲೂ ಅಲ್ಲೇ ಕಟ್ಟಿಹಾಕಿಕೊಂಡಿರುತ್ತದೆ. ಇಳಿಜಾರಿನಲ್ಲಿ ಬೋರ್ಡಿನ ಮೇಲಿನ ಅಂಚು ಮಾತ್ರ ಹಿಮವನ್ನು ಕಚ್ಚಿರಬೇಕು. ಒಂದು ಕ್ಷಣ ಮೈಮರೆತು ಕೆಳಗಿನ ಅಂಚು ಸಿಕ್ಕಿಕೊಂಡರೆ ಯಾರೋ ಹಿಂದಿನಿಂದ ಎಳೆದು ಬೀಳಿಸಿದ ಹಾಗೆ ದಬಾರ್ ಅಂತ ಬೀಳುತ್ತೀರಿ. ಆಗ ಎಲ್ಲರೂ ಮಾಡುವುದು ಕೈ ಊರುವುದು. ಹೊಸಬರಿಗೆ ಜಾಸ್ತಿ ಪೆಟ್ಟಾಗುವುದೂ ಮಣಿಕಟ್ಟಿಗೇ. ಮುಷ್ಟಿ ಕಟ್ಟಿಕೊಂಡು ಮುಂಗೈ ಮೇಲೆ ಬೀಳುವುದನ್ನು ಕಲಿಯಿರಿ, ಮಣಿಕಟ್ಟಿನ ಗಾರ್ಡ್ ಹಾಕಿಕೊಳ್ಳಿ. ನೋಡಲು ಚೆನ್ನಾಗಿ ಕಾಣಲ್ಲ ಅಂತ ಬಿಡಬೇಡಿ, ಗ್ಲೌಸ್ ಒಳಗೆ ಅದು ಯಾರಿಗೂ ಕಾಣಿಸುವುದೂ ಇಲ್ಲ.

ಮುಂದಿನ ವರ್ಷ ಟೀಮಿಗೆ ಹೆಸರು ಕೊಟ್ಟೆ. ಅಷ್ಟೊತ್ತಿಗೆ ಕಪ್ಪು ವಜ್ರದ ಗುರುತಿರುವ ಕಡಿದಾದ ಇಳಿಜಾರನ್ನೂ ಇಳಿಯುತ್ತಿದ್ದೆ, ನನಗೆ ತಿರುಗಲು ಬರುತ್ತದೆ ಅನ್ನುವುದರಲ್ಲಿ ಯಾವ ಅನುಮಾನವೂ ಇರಲಿಲ್ಲ. ಗೇಟುಗಳನ್ನು ಸುತ್ತಿಕೊಂಡು ವೇಗವಾಗಿ ಇಳಿಯುವ ರೇಸಾದ ಜಯಂಟ್ ಸ್ಲಾಲಮ್ ಅಭ್ಯಾಸದ ಮೊದಲ ವಾರವೇ ಆ ಗಾಳಿ ಇಳಿಯಿತು. ಸುಮ್ನೆ ಓಡಾಡುವಾಗ ನಾವು ತಿರುಗುವುದು ನಮಗೆ ಅನುಕೂಲವಾದ ಜಾಗದಲ್ಲಿ. ಹಿಮ ಮೆತ್ತಗಿರುವಲ್ಲಿ ತಿರುಗುತ್ತೇವೆ, ಐಸ್ ಕಂಡರೆ ಜಾರಿಕೊಂಡು ದಾಟುತ್ತೇವೆ, ಹೆದರಿಕೆಯಾದರೆ ಇನ್ನಷ್ಟು ದೂರ ಹೋಗಿ ತಿರುಗುತ್ತೇವೆ. ಗೇಟ್ ನಮ್ಮ ಅನುಕೂಲ ಕೇಳಲ್ಲ. ಕೆಂಪು, ನೀಲಿ, ಕೆಂಪು, ನೀಲಿ ಅಂತ ಕೋಚ್ ನೆಟ್ಟ ಜಾಗದಲ್ಲೇ ತಿರುಗಬೇಕು, ಅಲ್ಲಿ ಐಸ್ ಇದ್ದರೂ ಅಷ್ಟೇ, ಮುಂದೆ ಹೋದವರು ಕೊರೆದ ಹಳ್ಳ ಇದ್ದರೂ ಅಷ್ಟೇ.

ಒಂದೊಂದು ಗೇಟಿಗೂ ಒಂದು ಉದ್ದನೆ ಕಂಬ, ಒಂದು ಗಿಡ್ಡ ಕಂಬ, ನಡುವೆ ತ್ರಿಕೋನದ ಬಟ್ಟೆ. ನಾವು ಗಿಡ್ಡ ಕಂಬದ ಪಕ್ಕದಲ್ಲಿ ತಿರುಗುತ್ತೇವೆ, ಮೈಯನ್ನು ಒಳಗೆ ವಾಲಿಸಲು ಜಾಗ ಸಿಗಲಿ ಅಂತಲೇ ಅದು ಗಿಡ್ಡ. ಹೊಸಬರು ಎಲ್ಲರೂ ಮಾಡುವುದು ಒಂದೇ: ಗೇಟಿಗೆ ಗುರಿಯಿಟ್ಟು ನೇರ ಹೋಗುತ್ತಾರೆ, ಅದರ ಪಕ್ಕ ಬಂದ ಮೇಲೆ ತಿರುಗಲು ಶುರು ಮಾಡುತ್ತಾರೆ. ಅಷ್ಟರಲ್ಲಿ ತಡವಾಗಿರುತ್ತದೆ. ಬೋರ್ಡ್ ಅಡ್ಡಡ್ಡ ಜಾರುತ್ತದೆ, ಮುಂದಿನ ಗೇಟ್‌ಗೆ ಇನ್ನಷ್ಟು ಕೆಳಗಿನಿಂದ ಬರುತ್ತೀರಿ, ಅದರ ಮುಂದಿನದು ಕೈಬಿಟ್ಟೇ ಹೋಗುತ್ತದೆ. ತಿರುವು ಗೇಟಿಗಿಂತ ಮೇಲೆಯೇ ಶುರುವಾಗಬೇಕು, ಗೇಟ್ ಪಕ್ಕ ಬರುವ ಹೊತ್ತಿಗೆ ಅದರ ಬಹುಪಾಲು ಮುಗಿದಿರಬೇಕು. ನಮ್ಮ ಕೋಚ್ ಬೆಟ್ಟದ ಬದಿಯಲ್ಲಿ ನಿಂತು ಕೂಗುತ್ತಿದ್ದದ್ದು ಒಂದೇ ಮಾತು. "ಮೇಲೆ! ಇನ್ನೂ ಮೇಲೆ!" ಕಣ್ಣು ಈ ಗೇಟಿನ ಮೇಲಲ್ಲ, ಮುಂದಿನದರ ಮೇಲೆ. ಹೇಳುವುದು ಸುಲಭ.

ನನಗೆ ಕಾಟ ಕೊಟ್ಟದ್ದು ಹಿಮ್ಮಡಿ ಕಡೆಯ ತಿರುವು. ಕಾಲ್ಬೆರಳ ಕಡೆ ತಿರುಗುವಾಗ ಮುಖ ಬೆಟ್ಟಕ್ಕಿರುತ್ತದೆ, ಪಾದದ ಕೀಲಿನಿಂದ ಒತ್ತಡವನ್ನು ಕೂದಲೆಳೆಯಷ್ಟು ಹೆಚ್ಚು ಕಡಿಮೆ ಮಾಡಬಹುದು. ಹಿಮ್ಮಡಿ ಕಡೆ ಆ ಆಟ ನಡೆಯಲ್ಲ. ಬೆನ್ನು ಬೆಟ್ಟಕ್ಕೆ, ಭಾರ ಎಲ್ಲಾ ಹಿಮ್ಮಡಿಗೆ, ಐಸ್ ಸಿಕ್ಕರೆ ಬೋರ್ಡ್ ಗಡಗಡ ಅಂತ ನಡುಗಿ ಜಾರುತ್ತದೆ. ಸೊಂಟ ಬಗ್ಗಿಸಿ ಹಿಂದಕ್ಕೆ ಕೂತರೆ ಇನ್ನೂ ಜಾಸ್ತಿ. ಮಂಡಿ ಬಗ್ಗಿಸಿ ಎದೆ ಎತ್ತಿ ಕೂರಬೇಕು. ಇದನ್ನು ನೆಲದ ಮೇಲೆ, ಹಿಮ ಬೀಳುವ ಮುಂಚೆ, ಶಾಲೆಯ ಜಿಮ್‌ನಲ್ಲಿ ಗೋಡೆಗೆ ಒರಗಿ ಕೂತು ಅಭ್ಯಾಸ ಮಾಡಿಸುತ್ತಿದ್ದರು. ಆಗ ಬೈದುಕೊಂಡಿದ್ದೆ, ಫೆಬ್ರವರಿಯಲ್ಲಿ ಅರ್ಥವಾಯಿತು.

ರೇಸಿನ ದಿನ ಬೆಳಗ್ಗೆ ಕೋರ್ಸ್ ನೋಡಲು ಬಿಡುತ್ತಾರೆ. ಗೇಟುಗಳ ನಡುವೆ ತಿರುಗುತ್ತಾ ಹೋಗುವ ಹಾಗಿಲ್ಲ, ಬದಿಯಲ್ಲಿ ಅಡ್ಡ ಜಾರುತ್ತಾ ನಿಧಾನ ಇಳಿದು ಒಂದೊಂದನ್ನೇ ನೆನಪಿಟ್ಟುಕೊಳ್ಳಬೇಕು. ಮೇಲೆ ಹೋದರೆ ಎದೆಗೆ ನಂಬರಿನ ಬಿಬ್ ಕಟ್ಟಿಕೊಂಡವರು ಕಣ್ಣು ಮುಚ್ಚಿ, ಕೈಯನ್ನು ಆ ಕಡೆ ಈ ಕಡೆ ಆಡಿಸುತ್ತಾ ತಮ್ಮಷ್ಟಕ್ಕೆ ಕೋರ್ಸ್ ಇಳಿಯುತ್ತಿರುತ್ತಾರೆ. ಮೊದಲ ಸಲ ನೋಡಿದವರಿಗೆ ನಗು ಬರುತ್ತದೆ. ಎರಡು ಓಟ, ಎರಡರ ಸಮಯ ಕೂಡಿಸಿ ಸ್ಥಾನ. ಒಂದೇ ಒಂದು ಗೇಟ್ ತಪ್ಪಿಸಿದರೂ ಹೊರಗೆ. ನಾನು ಯಾವತ್ತೂ ಮುಂದಿನ ಸಾಲಿನಲ್ಲಿ ಬರಲಿಲ್ಲ. ಆದರೆ ಎಲ್ಲೂ ಬೀಳದೆ ಕೆಳಗೆ ತಲುಪುವವರೂ ಟೀಮಿನ ಲೆಕ್ಕಕ್ಕೆ ಬೇಕಾಗುತ್ತಾರೆ, ವೇಗದ ಹುಡುಗರು ಎಷ್ಟೋ ಸಲ ಕೊನೆ ಮುಟ್ಟುವುದೇ ಇಲ್ಲ.

ಇಳಿಜಾರಿನಲ್ಲಿಟ್ಟ ಬಾಕ್ಸ್, ದಿಬ್ಬಗಳ ಮೇಲೆ ಕಸರತ್ತು ಮಾಡುವ ಸ್ಲೋಪ್‌ಸ್ಟೈಲ್ ಬಗ್ಗೆ ಜಾಸ್ತಿ ಹೇಳಲ್ಲ, ಅದು ನನ್ನ ಆಟವಲ್ಲ. ಎರಡು ಅವಕಾಶ, 100ಕ್ಕೆ ಅಂಕ, ಒಳ್ಳೆಯದು ಯಾವುದೋ ಅದು ಲೆಕ್ಕಕ್ಕೆ. ಚಿಕ್ಕ ಬಾಕ್ಸ್ ಮೇಲೆ ನೇರ ಜಾರಿ, 180 ಡಿಗ್ರಿ, ಅಂದರೆ ಅರ್ಧ ಸುತ್ತು ತಿರುಗಿ, ಸ್ವಚ್ಛವಾಗಿ ಇಳಿದವರಿಗೆ, ದೊಡ್ಡದು ಮಾಡಲು ಹೋಗಿ ಹಿಮಕ್ಕೆ ಕೈ ಊರಿದವರಿಗಿಂತ ಜಾಸ್ತಿ ಅಂಕ ಬಂದದ್ದನ್ನು ನೋಡಿದ್ದೇನೆ.

ನನಗೆ ಇವೆಲ್ಲಕ್ಕಿಂತ ಇಷ್ಟವಾದದ್ದು ರೇಸಿನ ಹಿಂದಿನ ರಾತ್ರಿಯ ವ್ಯಾಕ್ಸಿಂಗ್, ಅಂದರೆ ಚೆನ್ನಾಗಿ ಜಾರಲಿ ಅಂತ ಬೋರ್ಡಿನ ತಳಕ್ಕೆ ಮೇಣ ಹಚ್ಚುವುದು. ಯಾರದ್ದೋ ಮನೆಯ ಗ್ಯಾರೇಜಿನಲ್ಲಿ ಎರಡು ಮೇಜು, ಬೋರ್ಡುಗಳನ್ನು ಬೋರಲು ಹಾಕಿರುತ್ತೇವೆ. ನನಗೆ ಕಲಿಸಿದ್ದು ಹನ್ನೆರಡನೇ ಕ್ಲಾಸಿನ ಒಬ್ಬಳು ಅಕ್ಕ. ಇಸ್ತ್ರಿಪೆಟ್ಟಿಗೆಗೆ ವ್ಯಾಕ್ಸ್ ಗಟ್ಟಿ ತಾಗಿಸಿ ಬೋರ್ಡಿನುದ್ದಕ್ಕೂ ಹನಿ ಬೀಳಿಸುತ್ತಾ ಹೋಗಬೇಕು, ಆಮೇಲೆ ಅದನ್ನು ಹರಡಬೇಕು. "ಕೈ ನಿಲ್ಲಿಸ್ಬೇಡ. ಹೊಗೆ ಬಂತಾ, ಬಿಸಿ ಜಾಸ್ತಿ ಆಯ್ತು ಅಂತ." ಪೆಟ್ಟಿಗೆ ಸರಿದ ಹಿಂದೆ ಒದ್ದೆಯಾದ ಒಂದು ಹೊಳಪು ಬರುತ್ತದೆ, ಕೆಲವೇ ಕ್ಷಣದಲ್ಲಿ ಮಾಸುತ್ತದೆ. ಪೂರ್ತಿ ಆರಲು ಬಿಟ್ಟು ಪ್ಲಾಸ್ಟಿಕ್ ಪಟ್ಟಿಯಿಂದ ಮೂತಿಯಿಂದ ಬಾಲದ ಕಡೆಗೆ ಕೆರೆಯಬೇಕು, ಹಚ್ಚಿದ್ದರಲ್ಲಿ ಹೆಚ್ಚಿನ ಪಾಲು ಹೀಗೆ ಕೆರೆದೇ ಹೋಗುತ್ತದೆ. ಒಳಗೆ ಹೀರಿಕೊಂಡದ್ದು ಮಾತ್ರ ಬೇಕಾದದ್ದು. ನಾಳೆಯ ಚಳಿ ಎಷ್ಟಿರುತ್ತದೆ ಅನ್ನುವುದರ ಮೇಲೆ ಯಾವ ವ್ಯಾಕ್ಸ್ ಅಂತ ದೊಡ್ಡ ಚರ್ಚೆ ನಡೆಯುತ್ತದೆ. ಹಳೆಯ ಡಬ್ಬಿಗಳಲ್ಲಿ ಫ್ಲೋರಿನ್ ಇರುವ ವ್ಯಾಕ್ಸ್ ಉಳಿದಿದ್ದರೆ ಮುಟ್ಟಬೇಡಿ. ಅದು ಆರೋಗ್ಯಕ್ಕೂ ಪರಿಸರಕ್ಕೂ ಕೆಟ್ಟದ್ದು, ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಂತೂ 2023-24ರಿಂದ ಪೂರ್ತಿ ನಿಷೇಧ.

ಆ ಗ್ಯಾರೇಜಿನಲ್ಲಿ ಯಾರು ವೇಗ, ಯಾರು ನಿಧಾನ ಅನ್ನುವುದು ಇರುತ್ತಿರಲಿಲ್ಲ. ಶನಿವಾರದ ಕ್ಲಬ್ ಬಸ್ಸಿನಲ್ಲೂ ಅಷ್ಟೇ. ಅದಕ್ಕೇ ತಮ್ಮನಿಗೆ ಹೇಳಿದ್ದು, ಮೊದಲು ಕ್ಲಬ್ ಸೇರು, ಒಂದು ಚಳಿಗಾಲ ಸುಮ್ನೆ ಬಿದ್ದು ಎದ್ದು ಓಡಾಡು, ಮುಂದಿನ ವರ್ಷ ಟೀಮಿಗೂ ಹೋಗು, ಗೆಲ್ಲುತ್ತೀಯೋ ಇಲ್ಲವೋ ಅಂತ ಲೆಕ್ಕ ಹಾಕಬೇಡ. ಗೇಟ್ ಕಲಿಸುವಷ್ಟು ತಿರುವು ಇನ್ಯಾವುದೂ ಕಲಿಸಲ್ಲ.

ಸಾಮಾನಿನ ವಿಷಯ ಕೇಳಿದ. ಬೋರ್ಡ್ ಬಾಡಿಗೆಗೆ ತೆಗೆದುಕೊಳ್ಳಲಿ, ದುಡ್ಡಿದ್ದರೆ ಮೊದಲು ಬೂಟ್ ಕೊಳ್ಳಲಿ. ನಿಂತಾಗ ಬೆರಳು ತುದಿಗೆ ತಾಗಬೇಕು, ಮಂಡಿ ಬಗ್ಗಿಸಿದಾಗ ಸ್ವಲ್ಪ ಹಿಂದೆ ಸರಿಯಬೇಕು, ಹಿಮ್ಮಡಿ ಮಾತ್ರ ಮೇಲೇಳಬಾರದು. ಒಂದು ಜೊತೆ ಕಾಲುಚೀಲ ಸಾಕು, ಎರಡು ಹಾಕಿದರೆ ಒಳಗೆ ಮಡಚಿಕೊಂಡು ಗುಳ್ಳೆ ಬರುತ್ತದೆ. ಫಾರಂಗಳನ್ನು ಅಕ್ಟೋಬರ್‌ನಲ್ಲೇ ವಿಚಾರಿಸಿಕೊಳ್ಳಲಿ. ಹಿಮ ಬೀಳಲಿ ಅಂತ ಕಾದವರಿಗೆ ಡಾಕ್ಟರ್ ಅಪಾಯಿಂಟ್‌ಮೆಂಟೇ ಸಿಕ್ಕಿರುವುದಿಲ್ಲ.