ಡಬಲ್ ಸೇಫ್ ಅಂತ ಬರೆದವನು ನಾನೇ

ನನ್ನ ಇನ್‌ಬಾಕ್ಸ್‌ನಲ್ಲಿ ಒಂದು ಮೇಲ್ ಇದೆ. ಡಿಲೀಟ್ ಮಾಡಲು ಕೈ ಬರುವುದಿಲ್ಲ, ತೆರೆದು ಓದಲು ಮುಖವಿಲ್ಲ. ಕಳಿಸಿದವನು ನಾನೇ. ಸಿಸಿಯಲ್ಲಿ ಹನ್ನೊಂದು ಜನ. ನಿಮ್ಮ ಪಿಯು ಸೀಲೆಂಟ್ (ಸಂದು ಮುಚ್ಚಲು ತುಂಬುವ, ರಬ್ಬರಿನಂಥ ಪಾಲಿಯುರೆಥೇನ್ ಮಾಲು) ಕಳಪೆ ಬ್ಯಾಚ್, ಜಾಯಿಂಟ್ ಬಿಟ್ಟುಕೊಂಡಿದೆ, ಕೂಡಲೇ ಮೆಟೀರಿಯಲ್ ರಿಪ್ಲೇಸ್ ಮಾಡಿ, ಲೇಬರ್ ಖರ್ಚೂ ನಿಮ್ಮದೇ ಅಂತ ಸಪ್ಲೈಯರ್‌ಗೆ ಬರೆದಿದ್ದೆ. ‘ಕೂಡಲೇ’ ಅನ್ನುವ ಪದ ಮೂರು ಸಲ ಬಂದಿತ್ತು.

ಕಥೆ ಶುರುವಾಗಿದ್ದು ಅದಕ್ಕೂ ಏಳು ತಿಂಗಳ ಹಿಂದೆ, ಬಿರು ಬೇಸಿಗೆಯಲ್ಲಿ. ಪೋಡಿಯಂ ಸ್ಲ್ಯಾಬು, ಅಂದರೆ ಕಟ್ಟಡದ ಬುಡದ ಅಗಲವಾದ ತಾರಸಿ, ಕೆಳಗೆ ಪಾರ್ಕಿಂಗ್. ಎಕ್ಸ್‌ಪಾನ್ಷನ್ ಜಾಯಿಂಟು, ಅಂದರೆ ಕಾಂಕ್ರೀಟು ಹಿಗ್ಗಲು ಕುಗ್ಗಲು ಬಿಟ್ಟ ಸಂದು, ಒಟ್ಟು 180 ರನ್ನಿಂಗ್ ಮೀಟರ್. ಡ್ರಾಯಿಂಗ್‌ನಲ್ಲಿ ಅಗಲ 20 ಎಂಎಂ, ಸೀಲೆಂಟ್ ಆಳ 10 ಎಂಎಂ. ಲೆಕ್ಕ ಸುಲಭ. 600 ಎಂಎಲ್ ಸಾಸೇಜ್ (ಸೀಲೆಂಟ್ ತುಂಬಿದ ಉದ್ದನೆಯ ಪೊಟ್ಟಣ) ಒಂದಕ್ಕೆ 3 ಮೀಟರ್ ಬರುತ್ತದೆ. 180 ಮೀಟರಿಗೆ 60. ವೇಸ್ಟೇಜ್ ಸೇರಿಸಿ 66 ಅಂತ ಇಂಡೆಂಟ್ ಹಾಕಿದೆ. ಜೊತೆಗೆ ಪ್ರೈಮರ್, ಮಾಸ್ಕಿಂಗ್ ಟೇಪು, 25 ಎಂಎಂ ಬ್ಯಾಕರ್ ರಾಡು, ಅಂದರೆ ಜಾಯಿಂಟ್‌ನಲ್ಲಿ ಸೀಲೆಂಟ್ ಕೆಳಗೆ ಇಡುವ ಫೋಮ್ ಹಗ್ಗ.

ರಾಡ್ ಬಂತು. 15 ಎಂಎಂ.

ಪರ್ಚೇಸ್‌ನವರಿಗೆ ಫೋನ್ ಮಾಡಿದೆ. “ಫೋಮ್ ತಾನೇ ಸಾರ್, ಸುಮ್ನೆ ಒಳಗೆ ತುರುಕೋದಕ್ಕೆ. ಇದೇ ಸ್ಟಾಕ್ ಇತ್ತು, ಕಳಿಸಿದ್ವಿ” ಅಂದರು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಒಳಗೊಳಗೆ ನನಗೂ ಅದೇ ಅಭಿಪ್ರಾಯ ಇತ್ತು. ಜಾಯಿಂಟ್ ಪೂರ್ತಿ ಸೀಲೆಂಟೇ ತುಂಬಿಸಿದರೆ ದುಬಾರಿ, ಅದಕ್ಕೆ ಅರ್ಧ ಜಾಗಕ್ಕೆ ಫೋಮ್ ಹಾಕಿ ದುಡ್ಡು ಉಳಿಸುತ್ತಾರೆ. ಬ್ಯಾಕರ್ ರಾಡ್ ಅಂದರೆ ನನ್ನ ತಲೆಯಲ್ಲಿ ಇದ್ದಿದ್ದು ಅಷ್ಟೇ.

ನಮ್ಮ ಮೇಸ್ತ್ರಿ ಜಾಸ್ತಿ ಮಾತಾಡುವ ಮನುಷ್ಯ ಅಲ್ಲ. ಒಂದು ತುಂಡು ರಾಡ್ ಕತ್ತರಿಸಿ ಜಾಯಿಂಟ್ ಮೇಲೆ ಇಟ್ಟು ಕೈ ಬಿಟ್ಟರು. ಸದ್ದಿಲ್ಲದೆ ಜಾರಿ, ಸಂದಿನ ಕೆಳಭಾಗಕ್ಕೆ ತುಂಬಿದ್ದ ಫಿಲ್ಲರ್ ಬೋರ್ಡ್ ಮೇಲೆ ಹೋಗಿ ಮಲಗಿತು. ಬೈಂಡಿಂಗ್ ವೈರ್ ಕೊಕ್ಕೆ ಮಾಡಿ ಮೇಲೆ ಎಳೆದುಕೊಂಡರು.

“ಇದು ಕೂರಲ್ಲ ಸಾರ್. ಜಾಯಿಂಟ್‌ಗಿಂತ ದಪ್ಪ ಇರಬೇಕು, ಒತ್ತಿ ಕೂರಿಸಬೇಕು. ಹೀಗೆ ಹಾಕಿದ್ರೆ ಸೀಲೆಂಟ್ ಎಷ್ಟು ಕೊಟ್ರೂ ಕುಡಿಯುತ್ತೆ.”

“ಕುಡೀಲಿ ಬಿಡಿ ಮೇಸ್ತ್ರಿ. ಜಾಸ್ತಿ ತುಂಬಿದಷ್ಟೂ ಗಟ್ಟಿ ಅಲ್ವಾ?”

ಅವರು ನನ್ನನ್ನು ಒಂದು ಸಲ ನೋಡಿದರು. ಆಮೇಲೆ ಸೀಲೆಂಟ್ ಗನ್ ಕೈಗೆ ತೆಗೆದುಕೊಂಡರು.

ಆ ನೋಟ ಈಗಲೂ ನೆನಪಿದೆ. ಆಗ ಅದನ್ನು ನಾನು ಒಪ್ಪಿಗೆ ಅಂದುಕೊಂಡೆ. ಸೈಟಿನಲ್ಲಿ ಹಳಬರು ಸುಮ್ಮನಾದರೆ ಒಪ್ಪಿದ್ದಾರೆ ಅಂತ ಅಲ್ಲ, ಇವನಿಗೆ ಹೇಳಿ ಪ್ರಯೋಜನ ಇಲ್ಲ ಅಂತ. ಇದು ತಿಳಿಯಲು ನನಗೆ ಏಳು ತಿಂಗಳು ಹಿಡಿಯಿತು.

ಗ್ರೈಂಡಿಂಗ್ ಚೆನ್ನಾಗಿ ಆಯಿತು. ಬ್ಲೋಯರ್ ಹೊಡೆದೆವು, ಪ್ರೈಮರ್ ಹಚ್ಚಿದೆವು. ಇದರಲ್ಲಿ ಕಳ್ಳತನ ಏನೂ ಮಾಡಲಿಲ್ಲ. ಬೆಳಗ್ಗೆ ಪೂರ್ತಿ ಕ್ಲೀನಿಂಗ್‌ಗೆ ಹೋಗುತ್ತಿದ್ದರಿಂದ ಸೀಲೆಂಟ್ ತುಂಬುವುದು ದಿನಾ ಮಧ್ಯಾಹ್ನ ಆಗುತ್ತಿತ್ತು. ಸ್ಲ್ಯಾಬ್ ಮೇಲೆ ಬರಿಗಾಲು ಇಡಲು ಆಗದ ಬಿಸಿ. ಎರಡು ಗಂಟೆಗೆ ಟೇಪ್ ಹಿಡಿದು ನೋಡಿದರೆ ಜಾಯಿಂಟ್ 17 ಎಂಎಂ ಇತ್ತು. ಶಟರಿಂಗ್‌ನವರು ಕಾಂಕ್ರೀಟಿಗೆ ಅಚ್ಚು ಕಟ್ಟುವಾಗ ಎಡವಟ್ಟು ಮಾಡಿದ್ದಾರೆ ಅಂತ ಅವರ ಫೋರ್‌ಮನ್‌ಗೆ ಎರಡು ಮಾತು ಅಂದೆ. ಪಾಪ, ಅವನು ಸುಮ್ಮನೆ ಕೇಳಿಸಿಕೊಂಡ.

60 ಮೀಟರ್ ಮುಗಿಯುವ ಹೊತ್ತಿಗೆ 40 ಸಾಸೇಜ್ ಖಾಲಿ. ಸ್ಟೋರ್ ಕೀಪರ್ ರಿಜಿಸ್ಟರ್ ಹಿಡಿದುಕೊಂಡು ಬಂದ. “ಸಾರ್, 20 ಆಗಬೇಕಿತ್ತಲ್ಲ?” ಲೆಕ್ಕ ಬಾಯಿ ಬಿಟ್ಟು ಹೇಳುತ್ತಿತ್ತು. ಜಾಯಿಂಟ್ ಕಿರಿದಾಗಿದೆ, ಆದರೂ ಎರಡು ಪಟ್ಟು ಮಾಲು ಹೋಗಿದೆ ಅಂದರೆ ಆಳ 10 ಅಲ್ಲ, 25ರ ಹತ್ತಿರ ಇದೆ. ನಾನು ಏನು ಮಾಡಿದೆ? ಇನ್ನಷ್ಟು ಸಾಸೇಜ್‌ಗೆ ಇಂಡೆಂಟ್ ಹಾಕಿದೆ. ಡಿಪಿಆರ್‌ನ (ದಿನದ ಕೆಲಸದ ವರದಿ) ರಿಮಾರ್ಕ್ಸ್ ಕಾಲಮ್ಮಿನಲ್ಲಿ ನನ್ನ ಕೈಯಾರೆ ಬರೆದೆ: ‘ಜಾಯಿಂಟ್ ಪೂರ್ತಿ ಆಳಕ್ಕೆ ತುಂಬಲಾಗಿದೆ. ಡಬಲ್ ಸೇಫ್.’

ಮೇಲೆ ನೀರು ನಿಲ್ಲಿಸಿ ನೋಡುವ ಪಾಂಡಿಂಗ್ ಟೆಸ್ಟ್ ಪಾಸಾಯಿತು. ಒಂದು ಹನಿ ಇಲ್ಲ. ಬೇಸಿಗೆಯಲ್ಲಿ ಸ್ಲ್ಯಾಬ್ ಹಿಗ್ಗಿ ಜಾಯಿಂಟನ್ನು ಎರಡೂ ಕಡೆಯಿಂದ ಒತ್ತಿ ಹಿಡಿದಿರುವಾಗ ಹನಿ ಎಲ್ಲಿಂದ ಬರಬೇಕು? ಆದರೆ ಪಾಸ್ ಅಂದರೆ ಪಾಸ್. ಹ್ಯಾಂಡೋವರ್ ಆಯಿತು, ಮ್ಯಾನೇಜರ್ ಬೆನ್ನು ತಟ್ಟಿದರು, ಬಿಲ್ ಹೋಯಿತು.

ಚಳಿಗಾಲ ಬಂತು. ಪಾರ್ಕಿಂಗ್‌ನ ಸೆಕ್ಯೂರಿಟಿ ಫೋನ್ ಮಾಡಿದರು. ಮೇಲೆ ಪೈಪ್ ಹಿಡಿದು ತೊಳೆದಾಗಲೆಲ್ಲ ಕೆಳಗೆ ಹನಿಯುತ್ತಿದೆ, ಯಾರದೋ ಕಾರಿನ ಬಾನೆಟ್ ಮೇಲೆ ಸುಣ್ಣದ ಬಿಳಿ ಗೆರೆ ಬಿದ್ದಿದೆ. ಹೋಗಿ ನೋಡಿದೆ. ಸೀಲೆಂಟ್ ಒಂದು ಪಕ್ಕಕ್ಕೆ ಅಂಟಿಕೊಂಡಿದೆ, ಇನ್ನೊಂದು ಪಕ್ಕ ಬಿಟ್ಟುಕೊಂಡು ಕಪ್ಪು ಗೆರೆಯ ಹಾಗೆ ಸಂದು ಕಾಣುತ್ತಿದೆ. ನನಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ. ಗ್ರೈಂಡ್ ಮಾಡಿದ್ದೇವೆ, ಪ್ರೈಮರ್ ಹಚ್ಚಿದ್ದೇವೆ, ಮಾಲು ಎರಡು ಪಟ್ಟು ಸುರಿದಿದ್ದೇವೆ. ಹಾಗಾದರೆ ತಪ್ಪು ಮಾಲಿನದೇ. ಅಲ್ಲೇ ನಿಂತು ಆ ಮೇಲ್ ಟೈಪ್ ಮಾಡಿದೆ.

ಮೂರನೇ ದಿನ ಸಪ್ಲೈಯರ್ ಕಡೆಯ ಟೆಕ್ನಿಕಲ್‌ನವರು ಬಂದರು, ಬೆಳಗ್ಗೆ ಏಳೂವರೆಗೇ. ಹತ್ತು ಗಂಟೆಗೆ ಬನ್ನಿ ಅಂದಿದ್ದೆ. ಇಲ್ಲ, ತಣ್ಣಗಿರುವಾಗಲೇ ನೋಡಬೇಕು ಅಂದಿದ್ದರು. ಅದು ಯಾಕೆ ಅಂತಲೂ ನಾನು ಯೋಚಿಸಲಿಲ್ಲ. ನಮ್ಮ ಮ್ಯಾನೇಜರ್, ಕ್ಲೈಂಟ್ ಕಡೆಯ ಇಬ್ಬರು, ಸ್ಟೋರ್ ಕೀಪರ್, ಮೇಸ್ತ್ರಿ, ಎಲ್ಲರೂ ಜಾಕೆಟ್ ಒಳಗೆ ಕೈ ಹಾಕಿಕೊಂಡು ಸುತ್ತ ನಿಂತಿದ್ದೆವು.

ಅವರು ಏನೂ ಮಾತಾಡಲಿಲ್ಲ. ಬ್ಯಾಗಿನಿಂದ ವರ್ನಿಯರ್ ತೆಗೆದು ಜಾಯಿಂಟ್‌ಗೆ ಹಿಡಿದರು. 23. ಇನ್ನೂ ಎರಡು ಕಡೆ ಹಿಡಿದರು. 23, ಸ್ವಲ್ಪ ಹೆಚ್ಚು ಕಡಿಮೆ. ಜೇಬಿನಿಂದ ತಮ್ಮ ವಿಸಿಟಿಂಗ್ ಕಾರ್ಡ್ ತೆಗೆದು ಸೀಲೆಂಟ್ ಪಕ್ಕದ ಸಂದಿಗೆ ತೂರಿಸಿದರು. ಕಾರ್ಡ್ ಅರ್ಧ ಒಳಗೆ ಹೋಗಿ ನೆಟ್ಟಗೆ ನಿಂತಿತು. ಕ್ಲೈಂಟ್ ಕಡೆಯವರು ಅದರ ಫೋಟೋ ಹೊಡೆದುಕೊಂಡರು. ನನಗೆ ಒಳಗೊಳಗೇ ಖುಷಿ. ನೋಡಿ, ಇವರೇ ಒಪ್ಪಿಕೊಳ್ಳುತ್ತಿದ್ದಾರೆ ಅಂತ.

ಆಮೇಲೆ ಚಾಕು ತೆಗೆದು ಒಂದು ಗೇಣು ಉದ್ದ ಕೊಯ್ದರು. ಅಂಟಿಕೊಂಡಿದ್ದ ಪಕ್ಕವನ್ನು ಬಿಡಿಸಿ ಎತ್ತಿದರೆ ಬಂದಿದ್ದು ಬೂಟಿನ ಅಟ್ಟೆಯಷ್ಟು ದಪ್ಪದ ಕಪ್ಪು ಗಟ್ಟಿ. ತಳದಲ್ಲಿ ಫಿಲ್ಲರ್ ಬೋರ್ಡಿನ ಚೂರುಗಳು ಕಚ್ಚಿಕೊಂಡಿದ್ದವು. 15 ಎಂಎಂ ರಾಡ್ ಅಲ್ಲೆಲ್ಲೋ ಅಡ್ಡಾದಿಡ್ಡಿ ಹೂತುಹೋಗಿತ್ತು. ಆ ಗಟ್ಟಿಯನ್ನು ಬೆಳಕಿಗೆ ಹಿಡಿದು, ಬಿಟ್ಟುಕೊಂಡಿದ್ದ ಪಕ್ಕವನ್ನು ನನ್ನ ಕಡೆ ತಿರುಗಿಸಿದರು.

“ಇದೇನು ಹೇಳಿ ಸಾರ್?”

ಅದರ ಮೈಗೆ ಬೂದು ಬಣ್ಣದ ತೆಳು ಪದರ ಅಂಟಿತ್ತು. ಉಗುರಿನಿಂದ ಕೆರೆದೆ. ಮರಳು ಕೈಗೆ ಬಂತು.

“ಕಾಂಕ್ರೀಟು” ಅಂದೆ.

“ಹಾಗಾದ್ರೆ ಬಿಟ್ಟಿದ್ದು ನಮ್ಮ ಸೀಲೆಂಟ್ ಅಲ್ಲ. ಸೀಲೆಂಟ್ ಕಾಂಕ್ರೀಟಿನ ಚರ್ಮವನ್ನೇ ಕಿತ್ಕೊಂಡು ಬಂದಿದೆ.”

ಯಾರೂ ಮಾತಾಡಲಿಲ್ಲ. ಅವರು ಆ ಗಟ್ಟಿಯಿಂದ 10 ಎಂಎಂ ದಪ್ಪದ ಒಂದು ಪಟ್ಟಿ ಕೊಯ್ದು ನನ್ನ ಕೈಗೆ ಕೊಟ್ಟು ಎಳೆಯಿರಿ ಅಂದರು. ಎಳೆದೆ. ಸಲೀಸಾಗಿ ಉದ್ದ ಆಯಿತು, ಬಿಟ್ಟರೆ ವಾಪಸ್ ಬಂತು. ಆಮೇಲೆ ಉಳಿದ ದಪ್ಪ ತುಂಡು ಕೊಟ್ಟರು. ಎಳೆದೆ. ಏನೂ ಆಗಲಿಲ್ಲ. ಇನ್ನೂ ಜೋರಾಗಿ ಎಳೆದೆ. ಹನ್ನೊಂದು ಜನರಿಗೆ ಸಿಸಿ ಹಾಕಿ ಮೇಲ್ ಕಳಿಸಿದವನು ಅವರಲ್ಲಿ ಐದಾರು ಜನರ ಮುಂದೆ ಹಲ್ಲು ಕಚ್ಚಿಕೊಂಡು ಒಂದು ರಬ್ಬರ್ ತುಂಡು ಎಳೆಯುತ್ತಿದ್ದ. ಅದೇ ಮಾಲು, ಅದೇ ಬ್ಯಾಚು.

“ಯಾವ ಹೊತ್ತಲ್ಲಿ ತುಂಬಿದ್ರಿ?” ಅಂತ ಕೇಳಿದರು.

“ಬೆಳಗ್ಗೆಯಿಂದಲೇ ಕೆಲಸ ಶುರು ಮಾಡ್ತಿದ್ವಿ” ಅಂದೆ. ಸುಳ್ಳಲ್ಲ. ಕ್ಲೀನಿಂಗ್ ಬೆಳಗ್ಗೆಯಿಂದಲೇ ಶುರುವಾಗುತ್ತಿತ್ತು. ಹಿಂದೆ ನಿಂತಿದ್ದ ಮೇಸ್ತ್ರಿ ಸಣ್ಣಗೆ ಕೆಮ್ಮಿದರು. ಮ್ಯಾನೇಜರ್ ಡಿಪಿಆರ್ ಫೈಲ್ ತರಿಸಿದರು. ಆ ಫೈಲ್ ಬರುವ ತನಕದ ಐದು ನಿಮಿಷ ನಾನು ನೆಲ ನೋಡುತ್ತಾ ನಿಂತಿದ್ದೆ. ಯಾಕಂದರೆ ಅದರಲ್ಲಿ ಏನು ಬರೆದಿದೆ ಅಂತ ನನಗೆ ಆಗ ಒಂದೊಂದೇ ನೆನಪಾಗತೊಡಗಿತ್ತು. ಸೀಲೆಂಟ್ ಅಪ್ಲಿಕೇಶನ್, ಮಧ್ಯಾಹ್ನ 1:30ರಿಂದ 5. ಜಾಯಿಂಟ್ ಅಗಲ 17. ಅದರ ಕೆಳಗಿನ ರಿಮಾರ್ಕನ್ನು ಮ್ಯಾನೇಜರ್ ಎಲ್ಲರಿಗೂ ಕೇಳಿಸುವಂತೆ ಓದಿದರು. ‘ಡಬಲ್ ಸೇಫ್’ ಅನ್ನುವಾಗ ಸ್ಟೋರ್ ಕೀಪರ್ ಮುಖ ಆಚೆ ತಿರುಗಿಸಿಕೊಂಡ.

ಲೆಕ್ಕವನ್ನು ಸಪ್ಲೈಯರ್ ಕಡೆಯವರು ಅಲ್ಲೇ ಸ್ಲ್ಯಾಬ್ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದರು. ಒಂದು ಮೀಟರ್ ಕಾಂಕ್ರೀಟು ಒಂದು ಡಿಗ್ರಿ ಬಿಸಿಯಾದರೆ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ. ಕೇಳಲು ಏನೂ ಅಲ್ಲ. ನಮ್ಮ ಒಂದೊಂದು ಪ್ಯಾನೆಲ್ 30 ಮೀಟರ್. ಬೇಸಿಗೆ ಮಧ್ಯಾಹ್ನಕ್ಕೂ ಚಳಿಗಾಲದ ಬೆಳಗ್ಗೆಗೂ ಸ್ಲ್ಯಾಬಿನ ಬಿಸಿಯಲ್ಲಿ 20 ಡಿಗ್ರಿ ವ್ಯತ್ಯಾಸ ಅಂದುಕೊಂಡರೆ 6 ಎಂಎಂ. 17 ಇದ್ದದ್ದು 23 ಆಗಿದೆ, ಸರಿಯಾಗಿ ಕೂತಿತು. ಸಾಸೇಜ್ ಮೇಲೆ ಪ್ಲಸ್ ಮೈನಸ್ 25 ಪರ್ಸೆಂಟ್ ಅಂತ ಅಚ್ಚಾಗಿದೆ, ಅಂದರೆ ತುಂಬಿದಾಗಿನ ಅಗಲದ ಕಾಲು ಭಾಗದಷ್ಟು ಹಿಗ್ಗಬಲ್ಲದು, ಕುಗ್ಗಬಲ್ಲದು. 17ರಲ್ಲಿ ಕಾಲು ಭಾಗ ಅಂದರೆ ನಾಲ್ಕು ಚಿಲ್ಲರೆ ಎಂಎಂ. ನಾವು ಕೇಳಿದ್ದು ಆರು. ಜಾಯಿಂಟ್ ವರ್ಷದಲ್ಲೇ ಅತಿ ಕಿರಿದಾಗಿದ್ದ ಹೊತ್ತು ನೋಡಿ ತುಂಬಿದ್ದೇವೆ, ಅಂದರೆ ಅಲ್ಲಿಂದ ಮುಂದೆ ಅದಕ್ಕೆ ಇದ್ದಿದ್ದು ಎಳೆಸಿಕೊಳ್ಳುವ ಕೆಲಸ ಒಂದೇ. ಅದೂ 25 ಎಂಎಂ ದಪ್ಪದ ಗಟ್ಟಿ, ಕೆಲವು ಕಡೆ ತಳದಲ್ಲೂ ಕಚ್ಚಿಕೊಂಡಿದೆ. ತಳ ಬಿಡುಗಡೆ ಇದ್ದು ಎರಡು ಪಕ್ಕ ಮಾತ್ರ ಹಿಡಿದುಕೊಂಡಿದ್ದರೆ ಹಿಗ್ಗುತ್ತಿತ್ತು. ರಾಡ್ ಇರುವುದೇ ಅದಕ್ಕೆ. ಆಳ ಕಡಿಮೆ ಇಡಲು, ತಳಕ್ಕೆ ಅಂಟದ ಹಾಗೆ ನೋಡಿಕೊಳ್ಳಲು. ದುಡ್ಡು ಉಳಿಯುವುದು ಆಮೇಲಿನ ಮಾತು.

ಶಟರಿಂಗ್ ಫೋರ್‌ಮನ್ ಅಷ್ಟು ಹೊತ್ತಿಗೆ ಬೇರೆ ಸೈಟಿಗೆ ಹೋಗಿದ್ದ. ಫೋನ್ ಮಾಡಿ ಸಾರಿ ಹೇಳಿದೆ. ಯಾವುದಕ್ಕೆ ಅಂತಲೇ ಅವನಿಗೆ ನೆನಪಿರಲಿಲ್ಲ.

ಹಳೆಯ ಸೀಲೆಂಟ್ ಕೀಳುವ ಕೆಲಸ ಬಗ್ಗೆ ಬರೆದರೆ ಬೇಜಾರೇ ಜಾಸ್ತಿ. ಎರಡು ವಾರ, ನಾಲ್ಕು ಜನ, ಲೆಕ್ಕವಿಲ್ಲದಷ್ಟು ಬ್ಲೇಡು. ಬಿಟ್ಟುಕೊಂಡ ಪಕ್ಕ ಸುಲಭ, ಬಿಡದ ಪಕ್ಕ ನಮ್ಮನ್ನು ಅಳಿಸಿತು. ಕಳಪೆ ಬ್ಯಾಚ್ ಅಂದಿದ್ದೆನಲ್ಲ, ಅದೇ ಮಾಲನ್ನು ಗ್ರೈಂಡರ್ ಹಿಡಿದು ಕೆರೆಯಬೇಕಾಯಿತು.

ಬೆಳಗ್ಗೆ ಹೊತ್ತು ಹೊಸದಾಗಿ ತುಂಬಲು ಮೇಸ್ತ್ರಿ ಒಪ್ಪಲಿಲ್ಲ. ತೀರಾ ಅಗಲವಾಗಿರುವಾಗ ತುಂಬಿದರೆ ಬೇಸಿಗೆಯಲ್ಲಿ ಹಿಂಡಿಸಿಕೊಂಡು ಉಬ್ಬಿ ಹೊರಗೆ ಬರುತ್ತದೆ, ಗಾಡಿ ಚಕ್ರಕ್ಕೆ ಸಿಕ್ಕಿ ಕಿತ್ತು ಹೋಗುತ್ತದೆ. ವರ್ನಿಯರ್ 20ರ ಹತ್ತಿರ ತೋರಿಸುವ ತನಕ ಕಾಯುವುದು ಅಂತ ಆಯಿತು. ಚಳಿಗಾಲದಲ್ಲಿ ಅದು ಮಧ್ಯಾಹ್ನ ಮೂರರ ಮೇಲೆ. ಅಲ್ಲಿಯ ತನಕ ಜನ ಕೂತಿರುವುದು ನೋಡಿ ಮ್ಯಾನೇಜರ್‌ಗೆ ಉರಿ. “ಏನ್ರೀ, ಜಾಯಿಂಟ್‌ಗೆ ಮುಹೂರ್ತ ಬೇರೆ ನೋಡ್ತಿದ್ದೀರಾ?” ಅಂದರು. ಹೌದು ಸಾರ್ ಅಂದೆ. ಅದೊಂದು ದಿನ ನನಗೆ ಬೈಸಿಕೊಂಡಿದ್ದಕ್ಕೆ ಬೇಸರ ಆಗಲಿಲ್ಲ.

ಮೇಸ್ತ್ರಿ ಪ್ಲೈವುಡ್ ತುಂಡಿನಲ್ಲಿ ಒಂದು ಸಾಧನ ಮಾಡಿಕೊಂಡಿದ್ದರು. ಅಂಗೈ ಅಗಲದ ಹಲಗೆ, ನಡುವೆ 10 ಎಂಎಂ ಉದ್ದದ ನಾಲಿಗೆ. ಹಲಗೆಯ ಎರಡು ಭುಜ ಸ್ಲ್ಯಾಬ್ ಮೇಲೆ ಕೂರುತ್ತವೆ, ನಾಲಿಗೆ ರಾಡನ್ನು ಒತ್ತುತ್ತದೆ. ಎಲ್ಲಿ ಒತ್ತಿದರೂ ಆಳ 10, ಒಂದು ಎಂಎಂ ಆಚೆ ಈಚೆ ಇಲ್ಲ. ನಾಲಿಗೆಯ ತುದಿಯನ್ನು ಸ್ಯಾಂಡ್‌ಪೇಪರ್ ಹಾಕಿ ಗುಂಡಗೆ ಮಾಡಿದ್ದರು. ಹುಡುಗನೊಬ್ಬ ಸ್ಕ್ರೂಡ್ರೈವರ್‌ನಲ್ಲಿ ಒತ್ತಲು ಹೋದಾಗ ಕೈ ಹಿಡಿದು ನಿಲ್ಲಿಸಿದರು. ರಾಡ್ ತೂತಾದರೆ ಒಳಗಿನ ಗಾಳಿ ಹೊರಬಂದು ಹಸಿ ಸೀಲೆಂಟಿನಲ್ಲಿ ಗುಳ್ಳೆ ಏಳುತ್ತದಂತೆ. ಮೊದಲ ಸಲ ಕೆಲಸ ಮಾಡುವಾಗ ಇದು ನಿಮಗೆ ಗೊತ್ತಿರಲಿಲ್ಲವಾ ಅಂತ ಕೇಳಿದೆ. “ಆವಾಗ ರಾಡ್ ಒತ್ತೋ ಹಾಗೇ ಇರಲಿಲ್ವಲ್ಲ ಸಾರ್” ಅಂದರು.

ಆ ದಿನಗಳಲ್ಲೇ ಪ್ಯಾರಪೆಟ್ ಗೋಡೆಯ ಒಂದು ಬಿರುಕೂ ನನ್ನ ಕೈಗೆ ಸಿಕ್ಕಿತು. ಸಿಮೆಂಟ್ ಮೆತ್ತಿ ಮುಚ್ಚಿದ್ದರು, ಮತ್ತೆ ಬಿಟ್ಟಿತ್ತು. ಎಪಾಕ್ಸಿ ಅಂಟಿನ ಇಂಜೆಕ್ಷನ್ ಕೊಟ್ಟಿದ್ದರು, ಅದರ ಪಕ್ಕದಲ್ಲೇ ಹೊಸ ಬಿರುಕು ಬಂದಿತ್ತು. ಹಳೆಯ ನಾನಾಗಿದ್ದರೆ ಇನ್ನೂ ಗಟ್ಟಿ ಮಾಲು ಹುಡುಕುತ್ತಿದ್ದೆ. ಈ ಸಲ ಬಿರುಕಿನ ಎರಡು ಪಕ್ಕ ಪೆನ್ಸಿಲ್ ಗುರುತು ಹಾಕಿ, ಬೆಳಗ್ಗೆ ಮತ್ತು ಮಧ್ಯಾಹ್ನ ಅಳೆದು, ತಾರೀಕು ಬರೆದಿಟ್ಟೆ. ಗುರುತುಗಳ ನಡುವಿನ ದೂರ ದಿನಕ್ಕೆ ಎರಡು ಸಲ ಬದಲಾಗುತ್ತಿತ್ತು. ಗೋಡೆ ತನಗೆ ಬೇಕಾದ ಜಾಯಿಂಟನ್ನು ತಾನೇ ಮಾಡಿಕೊಂಡಿತ್ತು, ನಾವು ಅದನ್ನು ಮತ್ತೆ ಮತ್ತೆ ಹೊಲಿಯುತ್ತಿದ್ದೆವು. ಕಟರ್‌ನಲ್ಲಿ ಬಿರುಕಿನ ಗುಂಟ ಚೌಕ ತೋಡು ತೆಗೆದು, ತಳಕ್ಕೆ ಅಂಟದಂತೆ ಬಾಂಡ್ ಬ್ರೇಕರ್ ಟೇಪ್ ಹಾಕಿ, ಸೀಲೆಂಟ್ ತುಂಬಿದೆವು. ಅಷ್ಟೇ. ಆಮೇಲೆ ಆ ಕಡೆಯಿಂದ ಕಂಪ್ಲೇಂಟ್ ಬಂದಿಲ್ಲ.

ಪೋಡಿಯಂನಲ್ಲಿ ಎರಡನೇ ಸಲ ಖರ್ಚಾದ ಸಾಸೇಜ್ 64. ಸ್ಟೋರ್ ಕೀಪರ್ ರಿಜಿಸ್ಟರ್‌ನಲ್ಲಿ ಆ ಅಂಕಿಯ ಕೆಳಗೆ ಎರಡು ಗೆರೆ ಎಳೆದು ನನಗೆ ತೋರಿಸಿದ. ಅವನು ಈಗಲೂ ನನ್ನನ್ನು ಡಬಲ್ ಸೇಫ್ ಸಾರ್ ಅಂತಲೇ ಕರೆಯುತ್ತಾನೆ. ಹೊಸ ಹುಡುಗರು ಅದು ಹೊಗಳಿಕೆ ಅಂದುಕೊಂಡಿದ್ದಾರೆ, ನಾನೂ ತಿದ್ದಲು ಹೋಗಿಲ್ಲ.

ಸಪ್ಲೈಯರ್‌ಗೆ ಕ್ಷಮೆ ಕೇಳಿ ಇನ್ನೊಂದು ಮೇಲ್ ಬರೆದೆ. ಸಿಸಿಯಲ್ಲಿ ಅದೇ ಹನ್ನೊಂದು ಜನ. ಉತ್ತರ ಕೊಟ್ಟವರು ಪರ್ಚೇಸ್‌ನವರು ಮಾತ್ರ: ‘ನೋಟೆಡ್.’

ಮೊನ್ನೆ ಹೊಸ ಸೈಟಿಗೆ ಮಾಲು ಬಂತು. ಇಂಡೆಂಟ್‌ನಲ್ಲಿ ರಾಡ್ 25 ಎಂಎಂ ಅಂತ ಬರೆದು, ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಫೋನಿನಲ್ಲೂ ಹೇಳಿದ್ದೆ. ಮೇಸ್ತ್ರಿ ಕಟ್ಟು ಬಿಚ್ಚಿ, ಒಂದು ತುಂಡು ಕತ್ತರಿಸಿ, ಜಾಯಿಂಟ್ ಮೇಲೆ ಇಟ್ಟು ಕೈ ಬಿಟ್ಟರು. ಸದ್ದಿಲ್ಲದೆ ಒಳಗೆ ಹೋಯಿತು. ನನ್ನ ಕಡೆ ತಿರುಗಿ ನೋಡಿದರು. ನಾನು ಆಗಲೇ ಬೈಂಡಿಂಗ್ ವೈರ್ ಹುಡುಕುತ್ತಿದ್ದೆ.