ಮಾಲ್ಡೀವ್ಸ್‌ನ ಇಕೋ ರೆಸಾರ್ಟ್‌ಗೆ ಹುಬ್ಬಳ್ಳಿಯಿಂದ ಹೊರಡುವವರಿಗೆ

ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿತು ಅಂತ ನಾನೂ ನನ್ನ ಹೆಂಡತಿಯೂ ಸೆಪ್ಟೆಂಬರ್‌ನಲ್ಲಿ ಮಾಲ್ಡೀವ್ಸ್‌ನ ಬಾ ಅಟಾಲ್‌ಗೆ, ಅಂದರೆ ಹವಳದ ದ್ವೀಪಗಳ ಒಂದು ಗುಂಪಿಗೆ, ಹೋಗಿದ್ದೆವು. ಒಂದು ಪುಟ್ಟ ದ್ವೀಪ, ಅದರಲ್ಲಿ ಒಂದೇ ರೆಸಾರ್ಟ್. ನಾಲ್ಕು ರಾತ್ರಿ.

ಮೊದಲು ನಮ್ಮ ತಪ್ಪು ಹೇಳುತ್ತೇನೆ. ರಾಣಿ ಚೆನ್ನಮ್ಮ ರೈಲಿನಲ್ಲಿ ಬೆಳಿಗ್ಗೆ ಬೆಂಗಳೂರು ಸೇರಿ, ಆರಾಮಾಗಿ ಹೋಗೋಣ ಅಂತ ಮಧ್ಯಾಹ್ನದ ವಿಮಾನ ಹಿಡಿದೆವು. ರಾಜಧಾನಿ ಮಾಲೆಗೆ ಎರಡು ಗಂಟೆ ಚಿಲ್ಲರೆ ದಾರಿ. ಆದರೆ ಅಲ್ಲಿಂದ ಮುಂದಿನ ಸೀಪ್ಲೇನ್, ಅಂದರೆ ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನ, ಹಗಲಲ್ಲಿ ಮಾತ್ರ ಹಾರುತ್ತದೆ. ನಾವು ಇಳಿಯುವಷ್ಟರಲ್ಲಿ ಕೊನೆಯದೂ ಹೋಗಿತ್ತು. ಆ ರಾತ್ರಿ ಮಾಲೆ ಪಕ್ಕದ ಹುಲ್ಹುಮಾಲೆಯ ಲಾಡ್ಜ್‌ನಲ್ಲಿ ಕಳೆದೆವು, ರೆಸಾರ್ಟ್‌ಗೆ ಕೊಟ್ಟ ಒಂದು ರಾತ್ರಿಯ ದುಡ್ಡು ಹೋಯಿತು. ಮಧ್ಯಾಹ್ನ ಮೂರರೊಳಗೆ ಮಾಲೆಯಲ್ಲಿರಿ. ಆಗದಿದ್ದರೆ ಬಾ ಅಟಾಲ್‌ನಲ್ಲೇ ಇರುವ ಧರವಂಧೂಗೆ ದೇಶೀಯ ವಿಮಾನ, ಅಲ್ಲಿಂದ ಸ್ಪೀಡ್‌ಬೋಟ್ ಕೇಳಿ. ಸೀಪ್ಲೇನ್‌ನಲ್ಲಿ ಸಾಮಾನು 20 ಕೆಜಿ, ಕೈಚೀಲ 5 ಕೆಜಿ.

ವೀಸಾ ಚಿಂತೆ ಬೇಡ, ಇಳಿದ ಮೇಲೆ ಉಚಿತವಾಗಿ ಕೊಡುತ್ತಾರೆ. ಹೊರಡುವ ಮುಂಚಿನ 96 ಗಂಟೆಯೊಳಗೆ ಇಮುಗಾ ಅನ್ನುವ ಅಲ್ಲಿನ ಸರ್ಕಾರದ ಆನ್‌ಲೈನ್ ಪ್ರಯಾಣಿಕರ ಫಾರ್ಮ್ ತುಂಬಬೇಕು, ಅದಕ್ಕೆ ದುಡ್ಡಿಲ್ಲ. ಪೂಜೆಯ ಮೂರ್ತಿ, ಮದ್ಯ ಒಯ್ಯುವಂತಿಲ್ಲ.

ರೂಮಿನ ರೇಟ್ ನೋಡಿ ಲೆಕ್ಕ ಹಾಕಬೇಡಿ. ಅದರ ಮೇಲೆ ಜಿಎಸ್‌ಟಿ, ಶೇಕಡಾ 10 ಸರ್ವೀಸ್ ಚಾರ್ಜ್ ಬೀಳುತ್ತದೆ. 2025ರಿಂದ ರೆಸಾರ್ಟ್‌ಗಳಲ್ಲಿ ಹಸಿರು ತೆರಿಗೆ ತಲೆಗೆ ದಿನಕ್ಕೆ 12 ಡಾಲರ್. ಇಬ್ಬರಿಗೆ ನಾಲ್ಕು ದಿನ ಅಂದರೆ 96 ಡಾಲರ್. ಸೀಪ್ಲೇನ್ ಖರ್ಚು ಬೇರೆ. ಎಲ್ಲ ಸೇರಿಸಿದ ಮೊತ್ತವನ್ನೇ ಬರೆದುಕೊಡಿ ಅಂತ ಕೇಳಿ.

ಊಟಕ್ಕೆ ಬರೀ ಸಸ್ಯಾಹಾರ, ಮೀನು ಮೊಟ್ಟೆ ಬೇಡ ಅಂತ ಬುಕ್ ಮಾಡುವಾಗಲೇ ಬಿಡಿಸಿ ಬರೆಯಿರಿ. ಅಲ್ಲಿ ಟ್ಯೂನಾ ಮೀನು ಹೆಚ್ಚಿನ ಅಡುಗೆಯಲ್ಲಿ ಇರುತ್ತದೆ. ನಮ್ಮ ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇದ್ದವು, ಬಹಳ ಉಪಯೋಗಕ್ಕೆ ಬಂದವು.

ನನಗೆ ಅಲ್ಲಿ ಬೆರಗು ಹುಟ್ಟಿಸಿದ್ದು ನೀರು. ನಳ ಬರುವ ದಿನ ಎಣಿಸಿಕೊಂಡು, ಡ್ರಮ್ಮು ಕೊಡ ತುಂಬಿಟ್ಟು ಬೆಳೆದವರು ನಾವು. ಆ ದ್ವೀಪದಲ್ಲಿ ಹೊಳೆಯಿಲ್ಲ, ಕೆರೆಯಿಲ್ಲ. ಸಮುದ್ರದ ನೀರಿನ ಉಪ್ಪು ತೆಗೆದು, ಗಾಜಿನ ಬಾಟಲಿಗೆ ತುಂಬಿ ರೂಮಿಗೆ ತಂದಿಡುತ್ತಾರೆ. ಒಂದು ಪ್ಲಾಸ್ಟಿಕ್ ಬಾಟಲಿ ಕಾಣಲಿಲ್ಲ. ಆ ನೀರು ಮಾಡಲು ಸೋಲಾರ್ ಜೊತೆ ಡೀಸೆಲ್ ಕೂಡ ಉರಿಯುತ್ತದೆ. ಅದು ಗೊತ್ತಾದ ಮೇಲೆ ಹೆಂಡತಿ ಷವರ್ ಬಿಟ್ಟು ಬಕೆಟ್ ಕೇಳಿದಳು. ಬರೀ ಇಕೋ ಅನ್ನುವ ಬೋರ್ಡ್ ನಂಬಿ ಹೋಗಬೇಡಿ. ನೀರು ಎಲ್ಲಿಂದ, ಅಡುಗೆಮನೆಯ ಕಸ ಎಲ್ಲಿಗೆ, ಕರೆಂಟ್ ಹೇಗೆ ಅಂತ ಮೊದಲೇ ಕೇಳಿ. ನಿಜವಾಗಿ ಮಾಡುವವರು ಕರೆದುಕೊಂಡು ಹೋಗಿ ತೋರಿಸುತ್ತಾರೆ.

ಜನವರಿಯಿಂದ ಏಪ್ರಿಲ್‌ವರೆಗೆ ಮಳೆ ಕಡಿಮೆ, ರೇಟ್ ಜಾಸ್ತಿ. ನಾವು ಮಳೆಗಾಲವನ್ನೇ ಆರಿಸಿಕೊಂಡಿದ್ದು ಬಾ ಅಟಾಲ್‌ನಲ್ಲಿರುವ ಹನಿಫಾರು ಕೊಲ್ಲಿಗಾಗಿ. ಬಾ ಅಟಾಲ್ 2011ರಿಂದ ಯುನೆಸ್ಕೋ ಜೀವಗೋಳ ಮೀಸಲು ಪ್ರದೇಶ. ಜೂನ್‌ನಿಂದ ನವೆಂಬರ್‌ವರೆಗೆ ಸಮುದ್ರದ ಸೆಳೆತ ಪ್ಲಾಂಕ್ಟನ್ ಅನ್ನು, ಅಂದರೆ ನೀರಲ್ಲಿ ತೇಲುವ ಸಣ್ಣ ಸಣ್ಣ ಜೀವಿಗಳನ್ನು, ಆ ಕೊಲ್ಲಿಗೆ ತಳ್ಳುತ್ತದೆ, ಅದನ್ನು ತಿನ್ನಲು ರೆಕ್ಕೆಯಂಥ ಅಗಲ ಮೈಯ ಮಾಂಟಾ ಮೀನುಗಳು ಗುಂಪುಗುಂಪಾಗಿ ಬರುತ್ತವೆ. ಅಲ್ಲಿ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ಸ್ಕೂಬಾ ಇಲ್ಲ, ನೀರಿನ ಮೇಲೆ ತೇಲುತ್ತಾ ಕೊಳವೆಯಲ್ಲಿ ಉಸಿರಾಡುವ ಸ್ನಾರ್ಕೆಲ್ ಮಾತ್ರ. ಮಾಂಟಾಗಳನ್ನು ಮುಟ್ಟುವಂತಿಲ್ಲ. ಬಾವಿಯಲ್ಲಿ ಈಜು ಕಲಿತವರಿಗೂ ಸಮುದ್ರ ಬೇರೆಯೇ, ಅಲ್ವಾ? ಮೊದಲ ದಿನ ರೆಸಾರ್ಟ್ ಪಕ್ಕದ ತಿಳಿನೀರಲ್ಲಿ ಲೈಫ್ ಜಾಕೆಟ್ ಹಾಕಿ ಉಸಿರಾಡುವುದನ್ನು ರೂಢಿ ಮಾಡಿಕೊಳ್ಳಿ. ಈಜೇ ಬಾರದ ನನ್ನ ಹೆಂಡತಿ ಗೈಡ್ ಹಿಡಿದ ರಿಂಗ್‌ಗೆ ಆತುಕೊಂಡು ತೇಲಿದಳು. ಅವಳ ಕೆಳಗೇ, ನಮ್ಮ ಮನೆ ಬಾಗಿಲಿಗಿಂತ ಅಗಲದ ಒಂದು ಮಾಂಟಾ ಬಾಯಿ ತೆರೆದು ಸಾವಕಾಶ ತಿರುಗಿ ಹೋಯಿತು.